ಹುಳದ ಮನೆಗೊಂದು ಹೆಡ್‌ಫೋನ್

ನನ್ನ ಕಿವಿಯ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಮದುವೆಗೆ ಮುಂಚೆ ಮದ್ದೂರಿನ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ನಾಲ್ಕು ವರ್ಷ ಹೊಲಿದವಳು ನಾನು. ಸಾಲುಸಾಲು ಮಿಷನ್ನುಗಳು ಒಟ್ಟಿಗೆ ಓಡುವಾಗ, ನನ್ನಿಂದ ಮೂರನೇ ಮಿಷನ್ನಿನ ಸೂಜಿ ಮೊಂಡಾಗಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದೆ. ಮೆಕ್ಯಾನಿಕ್ ಬಂದು ನೋಡಿ, ಸೂಜಿ ಬದಲಿಸಿ ಹೋಗುತ್ತಿದ್ದ.

ಅಲ್ಲೇ ಒಂದು ದಿನ ಊಟದ ಬಿಡುವಿನಲ್ಲಿ ಜೊತೆಯವಳೊಬ್ಬಳು ತನ್ನ ಫೋನಿನಲ್ಲಿ ಒಂದು ಹಾಡು ಕೇಳಿಸಿದಳು. ಹಾಡು ಅಂದರೆ ಹಾಡಲ್ಲ, ಅದರಲ್ಲಿ ಮಾತೇ ಇಲ್ಲ. ಢಂ ಢಂ ಢಂ ಎಂದು ಒಂದೇ ಸಮ ಬೀಟು. ಅದರ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ದನಿಗಳು ಒಂದೊಂದಾಗಿ ಏರುತ್ತಾ ಹೋಗಿ, ಒಂದು ಗಳಿಗೆ ಎಲ್ಲವೂ ನಿಂತು, ಆಮೇಲೆ ಎದೆ ಅದುರುವ ಹಾಗೆ ಒಟ್ಟಿಗೆ ಬೀಳುತ್ತಿದ್ದವು. ಎಲೆಕ್ಟ್ರಾನಿಕ್ ಡ್ಯಾನ್ಸ್ ಮ್ಯೂಸಿಕ್, ಚಿಕ್ಕದಾಗಿ ಇಡಿಎಂ ಎಂದು ಅವಳೇ ಹೇಳಿಕೊಟ್ಟಳು. ನನಗೆ ಹಿಡಿಸಿಬಿಟ್ಟಿತು. ಅದರಲ್ಲಿ ಯಾರೂ ನನಗೆ ಬುದ್ಧಿ ಹೇಳುವುದಿಲ್ಲ, ಯಾರೂ ವಿರಹದಲ್ಲಿ ಅಳುವುದಿಲ್ಲ, ತಾಯಿಯ ತ್ಯಾಗವನ್ನು ಯಾರೂ ನೆನಪಿಸುವುದಿಲ್ಲ. ಕೈ ಕೆಲಸ ಮಾಡುತ್ತದೆ, ಬೀಟು ಓಡುತ್ತದೆ, ಅಷ್ಟೆ.

ಮದುವೆಯಾಗಿ ಹಲಗೂರಿನ ಕಡೆಯ ಒಂದು ಹಳ್ಳಿಗೆ ಬಂದೆ. ಗಂಡನಿಗೆ ಹಲಗೂರಿನಲ್ಲಿ ಮೋಟಾರು ರೀವೈಂಡಿಂಗ್ ಅಂಗಡಿ. ಮನೆಯಲ್ಲಿ ರೇಷ್ಮೆ. ಮನೆ ಹಿಂದಿನ ಉದ್ದನೆಯ ಶೀಟಿನ ಕಟ್ಟಡಕ್ಕೆ ಹುಳದ ಮನೆ ಎಂದು ಹೆಸರು, ಅದರ ಯಜಮಾನಿ ನಮ್ಮತ್ತೆ. ಹುಳ ದೊಡ್ಡವಾದ ಮೇಲೆ ಸೊಪ್ಪು ಮೇಯುವ ಸದ್ದು ಇಡೀ ಮನೆ ತುಂಬುತ್ತದೆ. ಅತ್ತೆ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಆ ಸದ್ದು ಕೇಳಿ, ಯಾವ ಸಾಲಿಗೆ ಹಸಿವಾಗಿದೆ, ಯಾವುದಕ್ಕೆ ಹೊಟ್ಟೆ ತುಂಬಿದೆ ಎಂದು ಹೇಳುತ್ತಿದ್ದರು. ಅವರು ಹೇಳಿದ ಮೇಲೇ ನಾವು ಸೊಪ್ಪು ಹಾಕಬೇಕು. ನನ್ನ ಕಿವಿಯೂ ಸಣ್ಣದಲ್ಲ ಎಂದು ಎಷ್ಟು ಸಲ ಬಾಯಿಗೆ ಬಂದರೂ ನುಂಗಿಕೊಂಡೆ. ನನಗೆ ನುಂಗುವುದು ಅಭ್ಯಾಸವಿಲ್ಲದ ಕೆಲಸ, ಆದ್ದರಿಂದ ಅದು ಮುಖದಲ್ಲಿ ಕಾಣುತ್ತಿತ್ತು.

ಹಿಪ್ಪುನೇರಳೆ ರೆಂಬೆ ಕತ್ತರಿಸುವುದು, ಹೊರುವುದು, ಹಾಸುವುದು, ಕಸ ತೆಗೆಯುವುದು, ದಿನಕ್ಕೆ ಮೂರು ಹೊತ್ತು ಇದೇ ಕೆಲಸ. ಇದಕ್ಕೆ ಬೀಟಿನಷ್ಟು ಹೊಂದುವ ಜೊತೆ ಇನ್ನೊಂದಿಲ್ಲ. ಆದರೆ ಫೋನಿನಲ್ಲಿ ಜೋರಾಗಿ ಹಾಕಿದ ಮೊದಲ ದಿನವೇ ಅತ್ತೆ ಓಡಿ ಬಂದರು. ಹುಳದ ಮನೆಯಲ್ಲಿ ಗಟ್ಟಿಯಾಗಿ ಮಾತಾಡಬಾರದು, ಪಾತ್ರೆ ಬೀಳಿಸಬಾರದು. ಅದರಲ್ಲೂ ಹುಳ ಜ್ವರಕ್ಕೆ ಕೂತಾಗ, ಅಂದರೆ ಮೇಯುವುದು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಪೊರೆ ಕಳಚುವ ಆ ಒಂದು ದಿನ, ಕೆಮ್ಮಿದರೂ ಅತ್ತೆ ತಿರುಗಿ ನೋಡುತ್ತಾರೆ.

"ಉಳ ಬೆದರ್ತವೆ ಕಣಮ್ಮಿ. ಅವು ಜ್ವರ ಸರಿಯಾಗಿ ಏಳ್ದಿದ್ರೆ ನಿನ್ನ ಫೋನು ಗೂಡು ಕಟ್ತದಾ?" ಎಂದರು.

ಹುಳ ನಿಜವಾಗಿ ಬೆದರುತ್ತದೋ ಇಲ್ಲವೋ ನನಗೆ ಈಗಲೂ ಅನುಮಾನ. ಆದರೆ ಮನೆಯ ಅನ್ನ ಹುಳದ್ದು. ಫೋನು ಆರಿಸಿದೆ. ಕಿವಿಯೊಳಗೆ ಸಿಕ್ಕಿಸುವ ಸಣ್ಣ ಇಯರ್‌ಫೋನ್ ತಂದೆ. ಅದು ಎರಡನೇ ವಾರದಲ್ಲೇ ಸೊಪ್ಪಿನ ರಾಶಿಯಲ್ಲಿ ಬಿದ್ದು, ಕಸದ ಜೊತೆ ತಿಪ್ಪೆ ಸೇರಿತು. ಆಗ ತಲೆ ಮೇಲೆ ಕೂರುವ ದೊಡ್ಡ ಹೆಡ್‌ಫೋನೇ ಬೇಕು ಎಂದು ತೀರ್ಮಾನಿಸಿದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ರೇಷ್ಮೆ ಮನೆಯವರು ಬಿಟ್ಟು ಬೇರೆ ಯಾರೂ ಮಾಡಲಾರರು. ದೊಡ್ಡ ಹೆಡ್‌ಫೋನಿನಲ್ಲಿ ಎರಡು ಜಾತಿ. ಒಂದರ ಬಟ್ಟಲಿಗೆ ಹಿಂದೆ ಜಾಲರಿ ಇರುತ್ತದೆ, ಇನ್ನೊಂದರ ಬಟ್ಟಲು ಹಿಂದೆ ಪೂರ್ತಿ ಮುಚ್ಚಿರುತ್ತದೆ. ಹುಳ ಸಾಕುವವರಿಗೆ ತರಬೇತಿಯಲ್ಲಿ ಹೇಳಿಕೊಡುವ ಮೊದಲ ಮಾತು ಗಾಳಿಯಾಡಬೇಕು ಎನ್ನುವುದು. ಮುಚ್ಚಿದ ಮನೆಯಲ್ಲಿ ಕಾವು ಕೂತು ಹುಳಕ್ಕೆ ಸಪ್ಪೆ ರೋಗ ಬರುತ್ತದೆ. ಕಿಟಕಿಗೆ ಕಿಟಕಿ ಎದುರಾಗಿರಬೇಕು, ಜಾಲರಿ ಇರಬೇಕು, ಬಿಸಿ ಹೊರಗೆ ಹೋಗಬೇಕು. ಇದು ನಮ್ಮ ತಲೆಯಲ್ಲಿ ಎಷ್ಟು ಬೇರುಬಿಟ್ಟಿದೆಯೆಂದರೆ, ಆನ್‌ಲೈನಿನಲ್ಲಿ ಎರಡರ ಚಿತ್ರವನ್ನೂ ಅಕ್ಕಪಕ್ಕ ನೋಡಿ, ಒಂದು ಕ್ಷಣವೂ ಯೋಚಿಸದೆ ಜಾಲರಿಯದನ್ನು ತರಿಸಿದೆ. ಕಿವಿಗೂ ಗಾಳಿ ಬೇಡವೇ?

ಗಾಳಿಯೇನೋ ಚೆನ್ನಾಗಿ ಆಡಿತು. ಹಾಡೂ ಅದರ ಜೊತೆಗೇ ಹೊರಗೆ ಹೋಯಿತು. ನನ್ನ ಕಿವಿಗೆ ಬಾಸು, ಅಂದರೆ ಆಳದ ದಪ್ಪ ದನಿ, ಸಪ್ಪೆ, ಆಚೆ ಸಾಲಿನಲ್ಲಿದ್ದ ಅತ್ತೆಯ ಕಿವಿಗೆ ಪೂರ್ತಿ ಕಛೇರಿ. ಅವರು ಬಂದು ಆ ಜಾಲರಿಗೆ ಕಿವಿ ಹಚ್ಚಿ, "ಇದೇನಮ್ಮಿ, ಟೇಪ್‌ರೆಕಾರ್ಡ್ ತಲೆಗೆ ಕಟ್ಕಂಡು ತಿರುಗ್ತಾ ಇದ್ದೀಯಾ?" ಎಂದರು. ಗಂಡ ಅದನ್ನು ತನ್ನ ಅಂಗಡಿಗೆ ಒಯ್ದ. ನಾನು ಎರಡು ದಿನ ಇಬ್ಬರೊಂದಿಗೂ ಮಾತಾಡಲಿಲ್ಲ. ಕೋಪ ನಿಜವಾಗಿ ನನ್ನ ಮೇಲೇ ಇತ್ತು.

ಅಷ್ಟರಲ್ಲಿ ಅತ್ತೆಗೆ ಕಣ್ಣಿನ ಪೊರೆ ಬೆಳೆಯಿತು. ಎರಡು ಕಣ್ಣಿಗೂ ಆಪರೇಷನ್ ಬೇಕು, ಮೊದಲು ಬಲಗಣ್ಣಿಗೆ ಎಂದು ಮಂಡ್ಯದ ಡಾಕ್ಟರು ದಿನ ಗೊತ್ತುಮಾಡಿದರು. ಆ ದಿನ ಬಂದು ಕೂತದ್ದು ಹುಳದ ಬೆಳೆಯ ಕೊನೆಯ ವಾರಕ್ಕೆ, ಹುಳ ನಾಲ್ಕನೇ ಜ್ವರ ಎದ್ದು ಹಗಲೂ ಇರುಳೂ ಮೇಯುವ ಹೊತ್ತಿಗೆ. ಮುಂದೆ ಹಾಕಿಸಲು ಆಗಲಿಲ್ಲ. ತೋರಿಸಿಕೊಂಡು ಬರುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೇ ಅತ್ತೆ ಹೇಳಿದರು.

"ಈ ಬೆಳೆ ನೀನೇ ನೋಡ್ಕ. ಚೆನ್ನಾಗಿ ಬಂದ್ರೆ ಉಳದ ಮನೆ ಇಬ್ರುದೂ. ಕೆಟ್ರೆ, ನಾನಿರೋಗಂಟ ನೀನು ಸೊಪ್ಪು ಒರೋದು ಅಷ್ಟೆಯ."

ಸರಿ ಎಂದೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮದುವೆಯಾಗಿ ಬಂದಾಗಿನಿಂದ ಹದಿನಾಲ್ಕು ವರ್ಷ ಕಾದ ಮಾತು ಅದು. ಹೆದರಿಕೆಗಿಂತ ಖುಷಿಯೇ ಹೆಚ್ಚಾಗಿತ್ತು, ಆ ಖುಷಿಯಲ್ಲಿ ಅತ್ತೆಯ ಕೈಹಿಡಿದು ನೇರ ಒಂದು ಹೆಡ್‌ಫೋನ್ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ಭಕ್ತಿಗೀತೆ ಕೇಳೋಕಾ ಅಕ್ಕಾ?" ಎಂದ.

"ಅಲ್ಲ, ಇಡಿಎಂಗೆ. ಹಿಂದೆ ಮುಚ್ಚಿರೋದು ಬೇಕು. ಕಿವಿ ಪೂರ್ತಿ ಒಳಗೆ ಕೂರಬೇಕು. ತೆಗೆದು ತೋರಿಸಿ" ಎಂದೆ. ಅವನು ಆಮೇಲೆ ಭಕ್ತಿಗೀತೆಯ ಮಾತೆತ್ತಲಿಲ್ಲ.

ಈ ಸಲ ಚಿತ್ರ ನೋಡಿ ಮರುಳಾಗಬಾರದು ಎಂದು ಪಣತೊಟ್ಟು ಹೋಗಿದ್ದೆ. ನನಗೆ ಬಾಯಿಪಾಠವಾಗಿರುವ ಮೂರು ಟ್ರ್ಯಾಕು ಫೋನಿನಲ್ಲಿದ್ದವು. ಅತ್ತೆಯನ್ನು ಒಂದು ಮೊಳ ದೂರದಲ್ಲಿ ಸ್ಟೂಲು ಹಾಕಿ ಕೂರಿಸಿ, "ಸದ್ದು ಕೇಳಿದ್ರೆ ಹೇಳಿ ಅತ್ತೆ" ಎಂದೆ. ಹುಳದ ಸದ್ದು ಕೇಳುವ ಕಿವಿಗಿಂತ ಒಳ್ಳೆಯ ಪರೀಕ್ಷೆ ಯಾವ ಲ್ಯಾಬಿನಲ್ಲಿದೆ?

ಮೊದಲನೆಯದು ಕಿವಿಯ ಮೇಲೆ ಕೂರುವ ಸಣ್ಣದು. ಅತ್ತೆ ತಕ್ಷಣ, "ಯಾವನೋ ಬಾಗ್ಲು ಬಡೀತಾವ್ನೆ" ಎಂದರು. ಅದನ್ನು ಕೆಳಗಿಟ್ಟೆ. ಎರಡನೆಯದು ಮಿರಮಿರ ಮಿಂಚುವುದು, ಪೆಟ್ಟಿಗೆ ತುಂಬ ಬಾಸು ಬಾಸು ಎಂದೇ ಬರೆದಿತ್ತು. ಸದ್ದು ಹೊರಗೆ ಹೋಗಲಿಲ್ಲ, ಅತ್ತೆ ತಲೆ ಅಲ್ಲಾಡಿಸಿದರು. ಅಂಗಡಿಯವನು ಬಿಲ್ಲು ಪುಸ್ತಕಕ್ಕೆ ಕೈ ಹಾಕಿದ. ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಬಾಸು ಜಾಸ್ತಿ ಇದ್ದರಷ್ಟೇ ಸಾಲದು. ಹೊಡೆಯುವ ಬೀಟು ಬೇರೆ, ಅದರಡಿ ಹರಿಯುವ ಬಾಸಿನ ರಾಗ ಬೇರೆ. ಎರಡೂ ಬೇರೆಬೇರೆಯಾಗಿ ಕೇಳಬೇಕು, ಎಲ್ಲ ಒಟ್ಟಿಗೆ ಬಿದ್ದಾಗಲೂ ಮೇಲಿನ ಸಣ್ಣ ತಾಳದ ಚಿಟಿಚಿಟಿ ಮುಳುಗಬಾರದು. ಇದರಲ್ಲಿ ಎಲ್ಲ ಸೇರಿ ಅಂಬಲಿಯಾಗಿತ್ತು. ಮೂರನೆಯದರಲ್ಲಿ ದನಿ ಚೊಕ್ಕಟ, ಆದರೆ ಹಿಡಿತ ಇಕ್ಕಳದ್ದು. ಎರಡು ಹಾಡಿಗೇ ದವಡೆ ನೋಯತೊಡಗಿತು. ದಿನಕ್ಕೆ ಮೂರು ಹೊತ್ತು ಹಾಕುವವಳಿಗೆ ಅದು ಆಗದ ಮಾತು.

ನಾಲ್ಕನೆಯದು ನೋಡಲು ಏನೂ ಇಲ್ಲ. ಕಪ್ಪಗೆ, ಸುಮ್ಮನೆ, ಆಳವಾದ ಬಟ್ಟಲು, ದಪ್ಪ ಮೆತ್ತನೆ ಅಂಚು, ಉದ್ದ ವೈರು. ವೈರಿಲ್ಲದ್ದು ತಗೊಳ್ಳಿ ಎಂದು ಅಂಗಡಿಯವನು ಎಷ್ಟು ಹೇಳಿದರೂ ನಾನು ಬಗ್ಗಲಿಲ್ಲ. ನಮ್ಮಲ್ಲಿ ಕರೆಂಟು ಇದ್ದಾಗ ಇದ್ದೀತು, ಇದಕ್ಕೆ ಚಾರ್ಜಿನ ರಗಳೆ ಇಲ್ಲ. ಸೊಪ್ಪು ಕತ್ತರಿಸುವಾಗ ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಷರ್ಟು ಹಾಕುತ್ತೇನೆ, ವೈರು ಷರ್ಟಿನೊಳಗೆ, ಫೋನು ಜೇಬಿನೊಳಗೆ. ರೆಂಬೆಗೆ ಸಿಕ್ಕುವ ಮಾತೇ ಇಲ್ಲ. ಬಟ್ಟಲನ್ನು ಹಿಂದಕ್ಕೆ ತಿರುಗಿಸಬಹುದು ಎಂದೂ ತೋರಿಸಿದ. ಮದುವೆ ಮನೆಯ ಡಿಜೆಗಳು ಒಂದು ಕಿವಿಗೆ ಹಾಡು, ಒಂದು ಕಿವಿಗೆ ಜನ ಎಂದು ಹಾಗೆ ತಿರುಗಿಸಿಕೊಳ್ಳುತ್ತಾರಂತೆ. ನನಗೆ ಅದರಿಂದ ಏನಾಗಬೇಕು ಎಂದು ಆಗ ಅಂದುಕೊಂಡೆ.

ಆದರೆ ಹಾಕಿಕೊಂಡರೆ ಬಾಸೇ ಇಲ್ಲ. ಅತ್ತೆಯೂ "ಕೇಳ್ತಾ ಅದೆ" ಎಂದರು. ಅಂಗಡಿಯವನು ಮುಖ ಸಣ್ಣಗೆ ಮಾಡಿದ. ನಾನು ಅಂಚಿನ ಸುತ್ತ ಬೆರಳಾಡಿಸಿ ನೋಡಿದೆ. ಕಿವಿಯ ಓಲೆ ಮೆತ್ತೆಯನ್ನು ಎತ್ತಿಹಿಡಿದು ಸಂದು ಮಾಡಿತ್ತು, ಆ ಸಂದಿನಿಂದ ಬಾಸೆಲ್ಲ ಸೋರುತ್ತಿತ್ತು. ಎರಡೂ ಓಲೆ ಬಿಚ್ಚಿ ಪರ್ಸಿಗೆ ಹಾಕಿ ಮತ್ತೆ ಹಾಕಿಕೊಂಡೆ. ಬೀಟು ಬಂತು ನೋಡಿ! ಕಿವಿಗಲ್ಲ, ಎದೆಗೇ ಬಂತು. ಅದರಡಿ ಬಾಸಿನ ರಾಗ ಒಂದು ಎಳೆಯೂ ತಪ್ಪದೆ ಕೇಳಿತು. ಆ ಅಂಗಡಿಯಲ್ಲಿ ನಿಂತೇ ನನಗೆ ಕುಣಿಯುವ ಹಾಗಾಯಿತು.

ಅತ್ತೆಗೆ ಏನೂ ಕೇಳಲಿಲ್ಲ. ಆದರೆ ಮಂಜುಗಣ್ಣಿಗೂ ನನ್ನ ಕಿವಿ ಕಂಡಿತು. "ಓಲೆ ಆಕ್ಕಮ್ಮಿ ಮೊದ್ಲು. ಮುತ್ತೈದೆ ಬೋಳು ಕಿವೀಲಿ ಅಂಗ್ಡೀಲಿ ನಿಂತ್ಕಂಡಿದ್ದೀಯಲ್ಲ, ನೋಡ್ದೋರು ಏನಂದಾರು?" ಎಂದು ಸ್ಟೂಲಿನಿಂದ ಎದ್ದೇಬಿಟ್ಟರು. ಕೊನೆಗೆ ಅಲ್ಲೇ ರಾಜಿಯಾಯಿತು. ಹುಳದ ಮನೆಯಲ್ಲಿರುವಾಗ ಮೂಗುಬೊಟ್ಟಿನಷ್ಟು ಸಣ್ಣ ಓಲೆ, ಮಿಕ್ಕ ಹೊತ್ತು ಈಗಿನವು. ಅಷ್ಟು ಸಣ್ಣದನ್ನು ಆ ದಪ್ಪ ಮೆತ್ತೆ ನುಂಗಿಕೊಳ್ಳುತ್ತದೆ ಎಂದು ನನಗೆ ಖಾತ್ರಿಯಿತ್ತು, ಹಾಗೇ ಆಯಿತು.

ಮುಂದಿನ ವಾರ ಅತ್ತೆಯ ಆಪರೇಷನ್ ಮುಗಿಯಿತು. ಕಪ್ಪು ಕನ್ನಡಕ ಹಾಕಿ ಹಿತ್ತಲ ಕಡೆಯ ಜಗುಲಿಯಲ್ಲಿ ಕೂತರು. ಬಗ್ಗಬಾರದು, ಧೂಳಿಗೆ ಹೋಗಬಾರದು, ಹುಳದ ಮನೆಯ ಸುಣ್ಣದ ಪುಡಿಯ ಹತ್ತಿರವಂತೂ ಸುಳಿಯಬಾರದು. ಹುಳ ನಾಲ್ಕನೇ ಜ್ವರ ಚೆನ್ನಾಗಿ ಎದ್ದವು. ನಾನು ರಾಣಿಯ ಹಾಗೆ ಒಳಗೆ ಹೊಕ್ಕೆ.

ಮೂರನೇ ದಿನದ ಮಧ್ಯಾಹ್ನ, ಸುಡುಬಿಸಿಲು, ಮೇಲೆ ಶೀಟು. ನಾನು ಎರಡೂ ಕಿವಿ ಮುಚ್ಚಿಕೊಂಡು ಕಸ ತೆಗೆಯುತ್ತಿದ್ದೆ. ಒಳ್ಳೆಯ ಟ್ರ್ಯಾಕು ಓಡುತ್ತಿತ್ತು. ಇದ್ದಕ್ಕಿದ್ದಂತೆ ಯಾರೋ ನನ್ನ ಬಲಗಿವಿಯ ಬಟ್ಟಲನ್ನು ಎತ್ತಿದರು. ತಿರುಗಿದರೆ ಅತ್ತೆ, ಕಪ್ಪು ಕನ್ನಡಕದಲ್ಲಿ, ಮೂಗಿಗೆ ಸೆರಗು ಮುಚ್ಚಿಕೊಂಡು.

"ಕೇಳು" ಎಂದರು.

ಕೇಳಿದೆ. ಏನೂ ಇರಲಿಲ್ಲ. ಕರೆಂಟು ಹೋಗಿ ಗಾಳಿ ಎಳೆಯುವ ಫ್ಯಾನು ನಿಂತಿತ್ತು. ಒಳಗೆ ಕಾವು ಕೂತು ಅಷ್ಟು ಹುಳವೂ ಮೇಯುವುದನ್ನು ನಿಲ್ಲಿಸಿತ್ತು. ಅದು ನಿಂತು ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿರಲಿಲ್ಲ. ಜಗುಲಿಯಲ್ಲಿ ಕೂತ ಅವರಿಗೆ ಗೊತ್ತಾಗಿತ್ತು.

ಓಡಿದೆ. ಕಿಟಕಿಯ ಪರದೆಗಳನ್ನೆಲ್ಲ ಎತ್ತಿ, ಗೋಣಿತಾಟು ನೆನೆಸಿ ಕಟ್ಟಿ, ಶೀಟಿನ ಮೇಲೆ ನೀರು ಬಿಟ್ಟೆ. ಸುಮಾರು ಹೊತ್ತಿನ ಮೇಲೆ ಒಂದು ಮೂಲೆಯಿಂದ ಸಣ್ಣಗೆ ಮೇಯುವ ಸದ್ದು ಶುರುವಾಗಿ ಮನೆಯೆಲ್ಲ ಹರಡಿತು. ಅತ್ತೆ ಅಲ್ಲಿಯವರೆಗೂ ಬಾಗಿಲ ಹೊರಗೆ ನಿಂತಿದ್ದರು. "ಇದೊಂದ್ ಸಲ ಬುಟ್ಟೆ" ಎಂದಷ್ಟೇ ಹೇಳಿ ಹೋದರು.

ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಮಂಡ್ಯದ ಅಂಗಡಿಯಲ್ಲಿ ಅಷ್ಟು ಮೆರೆದವಳು, ನನ್ನ ಮೂಗಿನ ಕೆಳಗೆ ನಿಂತ ಫ್ಯಾನು ಕೇಳಲಿಲ್ಲ. ಬೇರೆಯವರಾಗಿದ್ದರೆ ಆ ಹೆಡ್‌ಫೋನನ್ನು ಅಟ್ಟಕ್ಕೆ ಎಸೆಯುತ್ತಿದ್ದರೇನೋ. ನಾನು ಎಸೆಯಲಿಲ್ಲ. ಹೊರಗಿನ ಸದ್ದು ಮುಚ್ಚಬೇಕು ಎಂದು ಕೇಳಿ ತಂದದ್ದು, ಅದು ಮುಚ್ಚಿತು, ಅದರದ್ದೇನು ತಪ್ಪು? ತಪ್ಪು ನನ್ನದು. ಸಂಜೆಯ ಸೊಪ್ಪಿನ ಹೊತ್ತಿಗೆ, ಅಂಗಡಿಯವನು ತೋರಿಸಿದ್ದ ಹಾಗೆ ಬಲಗಡೆಯ ಬಟ್ಟಲನ್ನು ಕಿವಿಯ ಹಿಂದಕ್ಕೆ ತಿರುಗಿಸಿದೆ. ಸದ್ದು ತಗ್ಗಿಸಿದೆ. ಎಡಗಿವಿಯಲ್ಲಿ ಬೀಟು, ಬಲಗಿವಿ ಹುಳಕ್ಕೆ.

ಆಗ ನಾನು ಎಣಿಸದಿದ್ದ ಒಂದು ಸಂಗತಿ ನಡೆಯಿತು. ಬೀಟು ದಪ್ಪ ದನಿ, ಹುಳ ಮೇಯುವುದು ತೆಳು ದನಿ. ಒಂದಕ್ಕೊಂದು ಅಡ್ಡ ಬರಲಿಲ್ಲ. ಅಷ್ಟೇ ಅಲ್ಲ, ಒಂದೇ ಸಮ ಓಡುವ ಬೀಟನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದರೆ ಹುಳದ ಸದ್ದು ಎಲ್ಲಿ ಏರಿತು, ಎಲ್ಲಿ ಇಳಿಯಿತು ಎನ್ನುವುದು ಇನ್ನೂ ನಿಚ್ಚಳವಾಯಿತು. ಗಾರ್ಮೆಂಟ್ಸಿನಲ್ಲಿ ಮೊಂಡು ಸೂಜಿ ಹಿಡಿಯುತ್ತಿದ್ದ ಕಿವಿ ಹದಿನಾಲ್ಕು ವರ್ಷದ ಮೇಲೆ ಎಚ್ಚೆತ್ತಿತು. ನಾಲ್ಕು ದಿನದಲ್ಲಿ ನನಗೆ ಸಾಲುಸಾಲು ಬೇರೆಯಾಗಿ ಕೇಳತೊಡಗಿತು.

ಏಳನೇ ದಿನ ಬೆಳಿಗ್ಗೆ ಸದ್ದು ಇಳಿಯಿತು. ಜಗುಲಿಯಿಂದ ಅತ್ತೆ ಕೂಗಿದರು. "ಅಸ್ಕಂಡವೆ ಕಣಮ್ಮಿ, ಸೊಪ್ಪಾಕು!"

ನಾನು ರೆಂಬೆಯ ಹೊರೆ ಎತ್ತಿದವಳು ಹಾಗೇ ನಿಂತೆ. ಹಸಿದ ಹುಳದ ಸದ್ದು ಎಲ್ಲ ಕಡೆ ಒಟ್ಟಿಗೆ ಇಳಿಯುತ್ತದೆ, ಆಮೇಲೆ ಅವು ಸೊಪ್ಪು ಹುಡುಕಿ ಕಡ್ಡಿ ಮೇಲೆ ಹರಿದಾಡುವ ಸರಸರ ಬರುತ್ತದೆ. ಇದು ಹಾಗಿರಲಿಲ್ಲ. ತುಂಡುತುಂಡಾಗಿತ್ತು. ಇಲ್ಲಿ ನಾಲ್ಕು ಮೇಯುತ್ತಿವೆ, ಅಲ್ಲಿ ನಿಂತಿದೆ, ಸರಸರ ಇಲ್ಲ. ಹತ್ತಿರ ಹೋದೆ, ಸೊಪ್ಪು ಅರ್ಧ ಹಾಗೇ ಉಳಿದಿತ್ತು. ಒಂದು ಹಿಡಿ ಹುಳ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ, ಮುಕ್ಕಾಲು ಪಾಲಿನ ಮೈ ಜೇನಿನ ಬಣ್ಣಕ್ಕೆ ತಿರುಗಿತ್ತು. ಹಣ್ಣಾಗಿದ್ದವು, ಅಂದರೆ ಮೇವು ಸಾಕಾಗಿ ಗೂಡು ಕಟ್ಟಲು ತಯಾರಾಗಿದ್ದವು. ಲೆಕ್ಕದ ಪ್ರಕಾರ ಮಾರನೇ ದಿನ ಸಂಜೆ ಹಣ್ಣಾಗಬೇಕಿತ್ತು. ಆ ಮಧ್ಯಾಹ್ನ ನಾನು ಕೂರಿಸಿದ ಕಾವು ಅವಸರ ಮಾಡಿತ್ತು.

ಈಗ ಸೊಪ್ಪು ಹಾಕಿದರೆ ಹಣ್ಣು ಹುಳವೆಲ್ಲ ರೆಂಬೆಯಡಿ ಸಿಕ್ಕಿ, ಕಸದಲ್ಲೇ ನೂಲು ಬಿಟ್ಟು ಗೂಡು ಕೆಡುತ್ತದೆ. ಹಾಕದೆ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಗೆ ಬಿಟ್ಟು, ಅವು ಇನ್ನೂ ಕಾಯಿ ಎಂದಾದರೆ ಗೂಡು ತೆಳುವಾಗುತ್ತದೆ. ಎರಡರಲ್ಲಿ ಯಾವುದು ತಪ್ಪಿದರೂ ನನ್ನ ಹುಳದ ಮನೆ ಅಲ್ಲಿಗೆ ಮುಗಿಯಿತು.

"ಆಕ್ದಾ?" ಎಂದು ಮತ್ತೆ ಕೂಗು.

"ಇಲ್ಲ ಅತ್ತೆ. ಹಾಕಲ್ಲ. ಹಣ್ಣಾಗವೆ" ಎಂದೆ.

ಆ ಮನೆಯಲ್ಲಿ ಅವರ ಮಾತಿಗೆ ಇಲ್ಲ ಎಂದದ್ದು ಅದೇ ಮೊದಲು. ಗೋಡೆ ಹಿಡಿದುಕೊಂಡು ಬಂದೇಬಂದರು. "ನಂಗೇ ಏಳ್ತೀಯಾ? ನಾಳೆ ಸಂಜೆಗಲ್ವೇನಮ್ಮಿ ಅಣ್ಣಾಗೋದು?" ಆಪರೇಷನ್ ಆದ ಕಣ್ಣಿನ ಮೇಲೆ ಕಪ್ಪು ಗಾಜು, ಇನ್ನೊಂದರಲ್ಲಿ ಪೊರೆ. ನೋಡಿ ತಿಳಿಯುವ ಹಾಗಿರಲಿಲ್ಲ. ನಾನು ಒಂದು ಹುಳವನ್ನು ಅವರ ಅಂಗೈ ಮೇಲೆ ಬಿಟ್ಟೆ. ಅವರು ಹೆಬ್ಬೆರಳಿನಿಂದ ಅದರ ಮೈ ಸವರಿದರು. ಹಣ್ಣು ಹುಳ ಕುಗ್ಗಿ ಮೆತ್ತಗಾಗಿರುತ್ತದೆ. ಇನ್ನೊಂದು ಕೊಟ್ಟೆ. ಮತ್ತೊಂದು ಕೊಟ್ಟೆ. ಮೂರನ್ನೂ ಸವರಿ, ಹುಷಾರಾಗಿ ನನ್ನ ಕೈಗೇ ವಾಪಸ್ಸು ಕೊಟ್ಟರು.

"ನಿಂತ್ಕಂಡು ಏನ್ ನೋಡ್ತೀಯಾ? ಅಕ್ಕಪಕ್ಕದೋರ್ನ ಕೂಗು. ಚಂದ್ರಿಕೆ ಇಳ್ಸು" ಎಂದರು.

ಅಂದು ಹೊತ್ತು ಮುಳುಗುವವರೆಗೆ ಐದು ಜನ ಹೆಂಗಸರು ಸೇರಿ ಹುಳ ಆಯ್ದು ಬಿಟ್ಟೆವು. ನಾನು ಹೆಡ್‌ಫೋನ್ ಮುಟ್ಟಲಿಲ್ಲ. ಆಮೇಲಿನ ದಿನಗಳಲ್ಲೂ ಮುಟ್ಟಲಿಲ್ಲ. ಹೊರಗೆ ಗಟ್ಟಿ ಗೂಡಿನ ಹಾಗೆ ಕಂಡು ಒಳಗೆ ಹುಳ ಸತ್ತಿರುವುದೂ ಉಂಟು.

ಚಂದ್ರಿಕೆಗೆ ಬಿಟ್ಟ ಐದನೇ ದಿನ ಗೂಡು ಬಿಡಿಸುವುದು. ನಮ್ಮಲ್ಲಿ ಮೊದಲ ಗೂಡನ್ನು ಅತ್ತೆಯೇ ಬಿಡಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಹುಳ ಗಟ್ಟಿ ಕೋಶವಾಗಿದ್ದರೆ ಕಟಕಟ ಎನ್ನುತ್ತದೆ, ಕೊಳೆತಿದ್ದರೆ ದನಿಯಿಲ್ಲ. ಆ ಒಂದು ಸದ್ದಿನ ಮೇಲೆ ಇಡೀ ಬೆಳೆಯ ತೀರ್ಪು. ಅತ್ತೆ ಕಪ್ಪು ಕನ್ನಡಕದಲ್ಲಿ ಮೆಲ್ಲಗೆ ಬಂದು, ತಡಕಿ ಒಂದು ಗೂಡು ಬಿಡಿಸಿ, ಮೇಲಿನ ಜುಂಗು ಒರೆಸಿದರು. ಅವರು ಗೂಡನ್ನು ತಮ್ಮ ಕಿವಿಗೆ ಹಿಡಿಯಲಿಲ್ಲ. ಕೈ ಚಾಚಿ, ನನ್ನ ಭುಜ ಹುಡುಕಿ, ನನ್ನ ಕಿವಿಯ ಪಕ್ಕದಲ್ಲಿ ಅಲ್ಲಾಡಿಸಿದರು.

"ಏನಂತದಮ್ಮಿ?" ಎಂದರು.

"ಕಟಕಟ ಅಂತದೆ. ಚೆನ್ನಾಗದೆ ಅತ್ತೆ" ಎಂದೆ.

"ಅಂಗಾರೆ ಬಿಡ್ಸಿ" ಎಂದು ಎಲ್ಲರಿಗೂ ಹೇಳಿ, ತಮ್ಮ ಕಿವಿಗೆ ಹಿಡಿಯದೆಯೇ ಆ ಗೂಡನ್ನು ಬುಟ್ಟಿಗೆ ಹಾಕಿ, ಹೋಗಿ ನೆರಳಿನಲ್ಲಿ ಕೂತರು.